ಬೀಗ ಹಾಕಿದ ಎಳ್ಳು

ಜನವರಿ ನಾಲ್ಕು, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಶುರುವಾದದ್ದು ಆಗ. ಗಡಿಯಾರ ನೋಡಿ ಬರೆದಿಟ್ಟಿದ್ದೇನೆ. ನಮ್ಮಮ್ಮ ಸುಳ್ಳು ಹೇಳುವುದು ಅಪರೂಪ, ಹೇಳಿದಾಗ ಹೊತ್ತು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಹೊಸಮನೆಯ ನಮ್ಮ ಮನೆಯಲ್ಲಿ ಫೋನು ಬಂದರೆ ಅಮ್ಮ ಸ್ಪೀಕರಿಗೇ ಹಾಕುತ್ತಾಳೆ. ಎರಡೂ ಕೈಗೆ ಕೆಲಸವಿರುತ್ತದೆ ಎನ್ನುವುದು ಅವಳ ಕಾರಣ. ಅಂದು ಅವರೆಕಾಯಿ ಸುಲಿಯುತ್ತಿದ್ದಳು. ಆ ಕಡೆಯಿಂದ ಮಾತಾಡುತ್ತಿದ್ದವರು ಭದ್ರಾವತಿಯವರು, ನನ್ನ ಅಕ್ಕನಿಗೆ ಅತ್ತೆಯಾಗಲಿರುವವರು. ನಿಶ್ಚಿತಾರ್ಥ ಆಗಿ ತಿಂಗಳಾಗಿತ್ತು, ಮದುವೆ ವೈಶಾಖಕ್ಕೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಮಿಷನ್ ಇಟ್ಟುಕೊಂಡು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ. ಆ ಸಾಲಿನಲ್ಲಿ ರವಿಕೆ ಹೊಲಿಯಲು ಗೊತ್ತಿರುವ ಯಾರೇ ಆಗಲಿ, ಅವರ ಕೈಕೆಳಗೆ ಬೈಸಿಕೊಂಡವರೇ.

“ನಿಶ್ಚಿತಾರ್ಥದ ದಿನ ತಾಂಬೂಲದ ಜೊತೆ ಒಂದು ಕಾರ್ಡ್ ಇಟ್ಟಿದ್ರಲ್ಲ, ಕೆಂಪು ದಾರ ಪೋಣಿಸಿದ್ದು,” ಎಂದರು ಅವರು. “ಅದನ್ನ ನಮ್ ಕ್ಲಾಸಿನ ಹುಡುಗೀರಿಗೆಲ್ಲ ತೋರಿಸ್ದೆ. ಅಂಗಡೀದಲ್ಲ ತಾನೇ? ಯಾರು ಮಾಡಿದ್ದು?”

ಮಾಡಿದ್ದು ನಾನು. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಅಕ್ಕನ ಮುಖ ನೋಡಿದಳು. ಅಕ್ಕ ಆಗ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿಯುತ್ತಿದ್ದಳು. ಕತ್ತರಿ ಅವಳ ಎದುರಿಗೇ ಇತ್ತು.

“ನಮ್ ದೊಡ್ಡವಳೇ,” ಎಂದಳು ಅಮ್ಮ.

“ಹೌದಾ! ನಾನ್ ಅನ್ಕೊಂಡೆ. ಕೈಗೆ ಬುದ್ಧಿ ಇರೋ ಹುಡುಗಿ ಅಂತ. ಹಾಗಾದ್ರೆ ಒಂದ್ ಕೆಲ್ಸ ಮಾಡೋಣ. ಸಂಕ್ರಾಂತಿಗೆ ನಮ್ ಸಾಲಿಗೆಲ್ಲ ಅವಳ ಕೈಯಿಂದ್ಲೇ ಎಳ್ಳು ಬೀರ್ಸೋಣ. ಮೂವತ್ತು ಮನೆ. ಎಳ್ಳಿನ ಜೊತೆ ಒಂದೊಂದು ಕಾರ್ಡು. ತಂಗೀನ ಕರ್ಕೊಂಡು ಬರ್ಲಿ. ಮದುವೆಗೆ ಮುಂಚೆ ಬರಬಾರ್ದು ಅಂತ ಯಾರಾದ್ರೂ ಅಂದ್ರೆ ನನ್ ಹತ್ರ ಕಳ್ಸಿ.”

ಫೋನು ಇಟ್ಟ ಮೇಲೆ ಅಪ್ಪ ಟೀವಿಯ ಧ್ವನಿ ಎರಡು ಗೆರೆ ಹೆಚ್ಚಿಸಿದರು.

“ಅಮ್ಮಾ, ನಂಗೆ ಬಿಸ್ಕತ್ ಪ್ಯಾಕೆಟ್ ನೆಟ್ಟಗೆ ಹರಿಯೋಕೆ ಬರಲ್ಲ,” ಎಂದಳು ಅಕ್ಕ.

“ಅವ್ರು ಹೊಲಿಗೆ ಟೀಚರ್ ಕಣೇ. ಅಷ್ಟು ಆಸೆಯಿಂದ ಕೇಳ್ತಿದಾರೆ. ಅದು ಚಿಕ್ಕೋಳು ಮಾಡಿದ್ದು, ದೊಡ್ಡೋಳಿಗೆ ಬರೀ ಲೆಕ್ಕ ಬರುತ್ತೆ ಅಂತ ಹೇಗೆ ಹೇಳ್ಲಿ?”

“ಹಾಗೇ ಹೇಳ್ಬೇಕಿತ್ತು.”

“ಆಯ್ತು, ಬಾಯಿಗೆ ಬಂದ್ಬಿಡ್ತು. ಈಗೇನ್ ಮಾಡೋದು?”

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬೋರ್ಡಿನ ಮೇಲೆ ಅವಳು ವೃತ್ತ ಬರೆದರೆ ಹಿಂದಿನ ಬೆಂಚಿನವರು ಆಲೂಗಡ್ಡೆ ಅನ್ನುತ್ತಾರಂತೆ. ಅದಕ್ಕೆ ಅವಳಿಗೆ ಬೇಸರವಿಲ್ಲ, ಲೆಕ್ಕ ಸರಿ ಬಂದರಾಯಿತು. ಆದರೆ ಈ ಅತ್ತೆ ಅವಳಿಗೆ ನಿಜಕ್ಕೂ ಇಷ್ಟವಾಗಿದ್ದರು. ನಿಶ್ಚಿತಾರ್ಥದ ದಿನ ಅವಳ ಕೈ ಹಿಡಿದುಕೊಂಡೇ ಊಟಕ್ಕೆ ಕರೆದೊಯ್ದಿದ್ದರು. ಆ ಮನೆಗೆ ಸುಳ್ಳುಗಾರ್ತಿ ಅನ್ನಿಸಿಕೊಂಡು ಕಾಲಿಡುವುದು ಹೇಗೆ ಎನ್ನುವುದು ಅವಳ ಚಿಂತೆ. ಅವತ್ತು ಅವಳು ಅವರೆಕಾಳಿನ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಅವಳು ಉಪ್ಪಿಟ್ಟು ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನಗೋ, ಒಳಗೊಳಗೇ ಖುಷಿ. ಕಾರಣ ನನ್ನ ಕಪಾಟು.

ಸವಳಂಗ ರಸ್ತೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ, ಶನಿವಾರ ಮಾತ್ರ ಅರ್ಧ ದಿನ. ಶೀಶೆಗಳಿಗೆ ಚೀಟಿ ಅಂಟಿಸುವುದು, ಹೊತ್ತು ಬರೆಯುವುದು, ಸಾಲಾಗಿ ಜೋಡಿಸುವುದು. ಇಡೀ ದಿನ ಇಷ್ಟು ಅಚ್ಚುಕಟ್ಟಾಗಿರುವವಳು ಸಂಜೆ ಆರಕ್ಕೆ ಹೊರಗೆ ಬಂದ ತಕ್ಷಣ ಬೇರೆಯವಳಾಗುತ್ತೇನೆ. ಲ್ಯಾಬಿನಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಸ್ಟೇಷನರಿ ಅಂಗಡಿಯಿದೆ. ಅದರ ಹಿಂದಿನ ಗೋಡೆಗೆ ಕಾರ್ಡು ಮಾಡುವ ಸಾಮಾನುಗಳನ್ನು ತೂಗುಹಾಕಿದ್ದಾರೆ. ನಾನು ಬರೀ ನೋಡಲು ಹೋಗುತ್ತೇನೆ.

ಹಾಗೆ ನೋಡಲು ಹೋಗಿ ತಂದವುಗಳಲ್ಲಿ ಅರಗಿನ ಮುದ್ರೆಯೊಂದಿದೆ. ಅರಗು ಕರಗಿಸಿ, ಲಕೋಟೆಯ ಮೇಲೆ ಬಿಟ್ಟು, ಹಿತ್ತಾಳೆಯ ಮುದ್ರೆ ಒತ್ತಿದರೆ ರಾಜರ ಕಾಲದ ಪತ್ರದ ಹಾಗೆ ಕಾಣುತ್ತದೆ. ಅರ್ಧ ಬೆಲೆಗೆ ಸಿಕ್ಕಿತು. ಯಾಕೆಂದರೆ ಉಳಿದಿದ್ದುದು ಇಂಗ್ಲಿಷಿನ ‘ಕ್ಯೂ’ ಅಕ್ಷರ ಮಾತ್ರ. ನಮ್ಮ ಮನೆಯಲ್ಲಾಗಲಿ, ಬಂಧುಗಳಲ್ಲಾಗಲಿ, ಹೊಸಮನೆಯ ಆ ಬೀದಿಯಲ್ಲಾಗಲಿ ಆ ಅಕ್ಷರದಿಂದ ಶುರುವಾಗುವವರು ಒಬ್ಬರೂ ಇಲ್ಲ, ಹುಡುಕಿ ನೋಡಿದ್ದೇನೆ. ಮತ್ತೆ ಹೂವಿನ ಎಸಳು ಬೆರೆಸಿದ ಕೈಕಾಗದ. ಅದರ ಮೇಲೆ ಬರೆಯಲು ಹೋದರೆ ಪೆನ್ನು ಪ್ರತಿ ಎಸಳಿಗೂ ಎಡವುತ್ತದೆ, “ಶುಭಾಶಯ” ಎಂಬ ಒಂದು ಪದ ಬರೆಯುವಷ್ಟರಲ್ಲಿ ಮೂರು ಕಡೆ ಶಾಯಿ ಕಾರುತ್ತದೆ. ಚಿನ್ನದ ಪುಡಿಯೊಂದಿದೆ. ಅದನ್ನು ಅಂಟಿನ ಮೇಲೆ ಉದುರಿಸಿ ಬಿಸಿಗಾಳಿ ಹಿಡಿದರೆ ಉಬ್ಬಿ ಅಕ್ಷರವಾಗಬೇಕು. ಬಿಸಿಗಾಳಿಯ ಯಂತ್ರ ನನ್ನಲ್ಲಿಲ್ಲ, ಹಾಗಾಗಿ ತಲೆಕೂದಲು ಒಣಗಿಸುವುದನ್ನು ಹಿಡಿದೆ. ಪುಡಿಯೆಲ್ಲ ಎದ್ದು ಹಾರಿ ದೇವರ ಗೂಡಿನ ಮೇಲೆ ಕೂತಿತು. “ಏನೋ, ದೇವರ ಮೇಲಾದ್ರೂ ಬಿತ್ತಲ್ಲ,” ಎಂದಳು ಅಮ್ಮ. ತ್ಯಾವರೆಕೊಪ್ಪದ ಸಫಾರಿಗೆ ಲ್ಯಾಬಿನವರೆಲ್ಲ ಹೋಗಿ ಬಂದ ಉತ್ಸಾಹದಲ್ಲಿ ಹುಲಿಹೆಜ್ಜೆಯ ಠಸ್ಸೆಯನ್ನೂ ಕೊಂಡಿದ್ದೆ. ಹತ್ತಿರದಿಂದ ನೋಡಿದರೆ ನಾಯಿಯ ಕಾಲು.

ದಿನಚರಿಯ ಕೊನೆಯ ಪುಟಗಳಲ್ಲಿ ‘ಕೊಂಡದ್ದು’ ಮತ್ತು ‘ಬಳಸಿದ್ದು’ ಎಂದು ಎರಡು ಸಾಲು ಮಾಡಿಕೊಂಡಿದ್ದೇನೆ. ಮೊದಲನೆಯ ಸಾಲು ಮೂರನೆಯ ಪುಟಕ್ಕೆ ಹೋಗಿದೆ. ಎರಡನೆಯದರಲ್ಲಿ ಕೆಂಪು ದಾರ, ಬಿಳಿ ಅಂಟು, ದಪ್ಪ ಕಾಗದ. ಈ ಮೂರೂ ಯಾವ ಮೂಲೆ ಅಂಗಡಿಯಲ್ಲಾದರೂ ಸಿಗುತ್ತವೆ.

ಆದ್ದರಿಂದ ಮೂವತ್ತು ಕಾರ್ಡು ಎಂದಾಗ ನನಗೆ ಕಂಡದ್ದು ಅಕ್ಕನ ಸಂಕಟವಲ್ಲ, ಎರಡನೆಯ ಸಾಲು ತುಂಬುವ ಅವಕಾಶ. ಮರುದಿನ ಕಪಾಟು ತೆಗೆದು ಎಲ್ಲವನ್ನೂ ಚಾಪೆಯ ಮೇಲೆ ಹರಡಿದೆ. ಆಗ ಕೈಗೆ ಸಿಕ್ಕಿದ್ದು ಐವತ್ತು ಪ್ಲಾಸ್ಟಿಕ್ ಗುಳ್ಳೆಗಳ ಪೊಟ್ಟಣ.

ಮಾತ್ರೆಯ ಪಟ್ಟಿಯಲ್ಲಿ ಮಾತ್ರೆ ಕೂರುವ ಗುಳ್ಳೆ ಇರುತ್ತದಲ್ಲ, ಅಂಥದ್ದೇ, ಆದರೆ ಅಂಗೈಯಗಲ. ಕಾರ್ಡಿನ ಮುಖಕ್ಕೆ ಕಿಟಕಿ ಕತ್ತರಿಸಿ, ಗುಳ್ಳೆಯೊಳಗೆ ಮಣಿ, ಮಿಂಚು ತುಂಬಿ, ಹಿಂದಿನಿಂದ ಮುಚ್ಚಿದರೆ ಅಲ್ಲಾಡಿಸಿದಾಗ ಗಿಲಿಗಿಲಿ ಎನ್ನುತ್ತದೆ. ಅದನ್ನು ಕೊಂಡ ದಿನ ಅಂಗಡಿಯವನ ಜೊತೆ ಆದ ಮಾತು ನೆನಪಿದೆ.

“ಇದು ಚೆನ್ನಾಗಿ ಹೋಗುತ್ತಾ?”

“ಏಕ್‌ದಂ ಮೇಡಂ. ದಾವಣಗೆರೆ ಪಾರ್ಟಿ ಪೂರಾ ಎತ್ಕೊಂಡು ಹೋಯ್ತು. ಇದೊಂದೇ ಪೀಸ್ ಉಳಿದಿರೋದು.”

ಮುಂದಿನ ವಾರ ಹೋದಾಗ ಉಳಿದ ಒಂದೇ ಪೀಸು ಮೂರು ನೇತಾಡುತ್ತಿದ್ದವು. ಮಣಿಗಳನ್ನು ಬೇರೆಯಾಗಿ ಕೊಳ್ಳಬೇಕೆಂದು ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಗ ನನಗೆ ಹೊಳೆಯಿತು. ಮಣಿ ಯಾಕೆ? ಎಳ್ಳು, ಬೆಲ್ಲದ ಚೂರು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಬಿಳಿ, ಕಂದು, ಹಳದಿ, ಎಲ್ಲ ಬಣ್ಣವೂ ಇದೆ. ಎಳ್ಳನ್ನೇ ಗುಳ್ಳೆಯೊಳಗೆ ತುಂಬಿದರೆ ಕಾರ್ಡೂ ಆಯಿತು, ಎಳ್ಳು ಬೀರಿದ್ದೂ ಆಯಿತು. ಇಂಥ ಬುದ್ಧಿ ಕರ್ನಾಟಕದಲ್ಲಿ ಬೇರೆ ಯಾರಿಗೂ ಬಂದಿಲ್ಲ ಎಂದು ದಿನಚರಿಯಲ್ಲಿ ಬರೆದೆ. ಯಾಕೆ ಬಂದಿರಲಿಲ್ಲ ಎಂದು ಒಂದು ನಿಮಿಷ ಯೋಚಿಸಿದ್ದರೂ ಸಾಕಿತ್ತು.

“ಪೊಟ್ಟಣ ಕಟ್ಟೋದು ಬೇಡ್ವಾ ಹಾಗಾದ್ರೆ?” ಎಂದು ಅಮ್ಮ ಕೇಳಿದಳು. ವರ್ಷವೂ ಎಳ್ಳಿನ ಪುಟ್ಟ ಪುಟ್ಟ ಪೊಟ್ಟಣ ಕಟ್ಟುವುದು ಅವಳ ಕೆಲಸ.

“ಬೇಡಮ್ಮ. ಎಲ್ಲಾ ಒಳಗೇ ಇದೆ.”

ಲ್ಯಾಬಿನಿಂದ ಬಂದ ಮೇಲೆ ಸಂಜೆಗೆ ಆರು ಕಾರ್ಡಿನ ಹಾಗೆ ಮಾಡುತ್ತ ಹೋದೆ. ಅಕ್ಕನಿಗೆ ಪಕ್ಕದಲ್ಲೇ ಪಾಠ. ಭದ್ರಾವತಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಉತ್ತರ ಬಾಯಿಗೆ ಬರಬೇಕಲ್ಲ.

“ಇದು ಯಾವ ಕಾಗದ?”

“ದಪ್ಪ ಕಾಗದ.”

“ಎಷ್ಟು ಜಿಎಸ್ಎಂ?”

“ಹಾಗಂದ್ರೆ?”

“ಕಾಗದದ ತೂಕ. ಮುನ್ನೂರು ಅನ್ನು, ಸಾಕು.”

“ಒಂದು ಕಾರ್ಡು ಮುನ್ನೂರು ಗ್ರಾಮಾ? ಮೂವತ್ತಕ್ಕೆ ಒಂಬತ್ತು ಕೆಜಿ ಆಯ್ತಲ್ಲೇ ಮಾರಾಯ್ತಿ! ಯಾರು ಹೊರ್ತಾರೆ?”

“ಒಂದು ಚದರ ಮೀಟರಿಗೆ ಮುನ್ನೂರು ಗ್ರಾಂ, ಟೀಚರಮ್ಮ.”

ಅವಳ ಮುಖ ಅರಳಿತು. ಸ್ಕೇಲು ತಗೊಂಡು ಕಾರ್ಡಿನ ಉದ್ದಗಲ ಅಳೆದು, ಅಲ್ಲೇ ರದ್ದಿ ಕಾಗದದ ಮೇಲೆ ಗುಣಿಸಿ, “ಹದಿಮೂರೂವರೆ ಗ್ರಾಂ” ಎಂದಳು. ಆ ಹತ್ತು ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಆಮೇಲೆ ಕತ್ತರಿ ಕೊಟ್ಟು ಹೃದಯದ ಆಕಾರ ಕತ್ತರಿಸು ಎಂದೆ. ಮೊದಲನೆಯದು ಗೋಡಂಬಿಯಾಯಿತು. ಎರಡನೆಯದನ್ನು ಅಪ್ಪ ನೋಡಿ “ಇದು ಲಂಕೆಯಾ?” ಎಂದು ಕೇಳಿದರು, ಗೇಲಿಯಲ್ಲ, ನಿಜವಾಗಿಯೇ ಕೇಳಿದರು. ಅಕ್ಕ ಕತ್ತರಿ ಕೆಳಗಿಟ್ಟಳು.

“ನಾನು ಹೇಳ್ಬಿಡ್ತೀನಿ ಕಣೇ. ಫೋನ್ ಮಾಡಿ ಹೇಳ್ಬಿಡ್ತೀನಿ.”

“ಅಮ್ಮಂಗೆ ಎಷ್ಟು ಅವಮಾನ ಆಗುತ್ತೆ ಗೊತ್ತಾ?” ಎಂದು ನಾನೇ ತಡೆದೆ. ಆಗ ಇಪ್ಪತ್ತೆರಡು ಕಾರ್ಡು ಮುಗಿದಿತ್ತು. ಅಮ್ಮನ ಅವಮಾನಕ್ಕಿಂತ ನನಗೆ ಆ ಇಪ್ಪತ್ತೆರಡರ ಚಿಂತೆಯೇ ಹೆಚ್ಚಾಗಿತ್ತು.

ಭಾನುವಾರ ಬೆಳಿಗ್ಗೆ ಇರುವೆ ಬಂದವು. ಗೋಡೆಯ ಮೂಲೆಯಿಂದ ಕಪಾಟಿನ ಬಾಗಿಲವರೆಗೆ ಒಂದೇ ಗೆರೆ, ನಾನು ಸ್ಕೇಲಿನಲ್ಲಿ ಎಳೆದ ಗೆರೆಗಿಂತ ನೆಟ್ಟಗೆ. ಅಮ್ಮ ತುಪ್ಪದ ಡಬ್ಬಿಗೆ ಮಾಡುವ ಉಪಾಯವನ್ನೇ ಮಾಡಿದಳು. ನೀರು ತುಂಬಿದ ದೊಡ್ಡ ಪರಾತದ ನಡುವೆ ಒಂದು ಪಾತ್ರೆ ಮಗುಚಿ, ಅದರ ಮೇಲೆ ಹರಿವಾಣ ಇಟ್ಟು, ಕಾರ್ಡುಗಳನ್ನು ಪೇರಿಸಿದಳು. ಇರುವೆ ನಿಂತಿತು. ಆದರೆ ಎರಡು ದಿನ ನೀರಿನ ಮೇಲೆ ಕೂತ ಕಾಗದ ತಣ್ಣಗೆ ತೇವ ಕುಡಿದು, ಹಪ್ಪಳದ ಹಾಗೆ ಅಂಚಿನಲ್ಲಿ ಬಾಗತೊಡಗಿತು. ಲಕೋಟೆಗಳ ಮಾತು ಬೇರೆಯೇ. ಅವನ್ನು ಚಪ್ಪಟೆ ಕಾರ್ಡಿಗೆಂದು ಕೊಂಡದ್ದು. ಗುಳ್ಳೆ ಇರುವ ಕಾರ್ಡು ಒಳಗೆ ಹೋಗುವುದಿಲ್ಲ, ಹೋದದ್ದು ಹೊರಗೆ ಬರುವುದಿಲ್ಲ.

ಮಂಗಳವಾರ ಸಂಕ್ರಾಂತಿ. ಅಕ್ಕ ನವಿಲುಬಣ್ಣದ ರೇಷ್ಮೆ ಸೀರೆ ಉಟ್ಟಳು, ನಾನು ರಟ್ಟಿನ ಪೆಟ್ಟಿಗೆ ಹೊತ್ತೆ. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಬಿಸಿಲು ಬೀಳುವ ಸೀಟೇ ಸಿಕ್ಕಿತು.

“ಏನಮ್ಮ ಅದು, ಕೇಕಾ?” ಎಂದು ಕಂಡಕ್ಟರ್ ಕೇಳಿದ.

“ಎಳ್ಳು.”

“ಅಷ್ಟೊಂದಾ! ಹಬ್ಬದ ದಿನ ನಂಗೂ ನಾಲ್ಕು ಕಾಳು ಹಾಕ್ರಮ್ಮ.”

ಎರಡು ಹೆಚ್ಚಿಗೆ ಮಾಡಿದ್ದರಿಂದ ಒಂದು ಕಾರ್ಡು ಕೊಟ್ಟೆ. ಅವನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಗುಳ್ಳೆಯನ್ನು ಬೆರಳಿನಿಂದ ಕುಟ್ಟಿದ, ಆಮೇಲೆ ಗೌರವದಿಂದ ಜೇಬಿಗಿಟ್ಟುಕೊಂಡು ಹೋದ. ಅಕ್ಕ ಅವನನ್ನೇ ನೋಡುತ್ತಿದ್ದಳು.

“ಅವ್ನು ತಿನ್ಲಿಲ್ಲ,” ಎಂದಳು ಸ್ವಲ್ಪ ಹೊತ್ತಿನ ಮೇಲೆ.

“ಆಮೇಲೆ ತಿಂತಾನೆ.”

“ಹೇಗೆ?”

ನಾನು ಗುಳ್ಳೆಯನ್ನು ಎರಡು ಬಗೆಯ ಅಂಟಿನಿಂದ, ಸುತ್ತಲೂ, ಗಾಳಿಯಾಡದ ಹಾಗೆ ಮುಚ್ಚಿದ್ದೆ. ತೆಗೆಯುವ ದಾರಿಯನ್ನೇ ಇಟ್ಟಿರಲಿಲ್ಲ.

ಆ ಮನೆಯ ಜಗುಲಿಯಲ್ಲಿ ನಾವು ಹೋಗುವ ಮೊದಲೇ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಉಳಿದವರು ಬರುತ್ತಿದ್ದರು. ಹೊಲಿಗೆ ಕ್ಲಾಸಿನ ಹುಡುಗಿಯರು ಗೋಡೆಗೆ ಒರಗಿ ನಿಂತು ಅಕ್ಕನ ಕೈಯನ್ನೇ ನೋಡುತ್ತಿದ್ದರು, ಮುಖ ನೋಡಿದವರು ಕಡಿಮೆ. ಅತ್ತೆ ಅಕ್ಕನಿಗೆ ಕುಂಕುಮ ಇಟ್ಟು, ತಾವೇ ಪೆಟ್ಟಿಗೆ ತೆಗೆದರು.

“ನೋಡ್ರೇ, ನಮ್ ಸೊಸೆ ಕೈಕೆಲಸ. ಅಂಗಡೀದು ಒಂದ್ ದಾರ ಇಲ್ಲ.”

ಕಾರ್ಡು ಕೈಯಿಂದ ಕೈಗೆ ಹೋಯಿತು. “ಅಲ್ಲಾಡ್ಸಿ, ಸದ್ದು ಬರುತ್ತೆ,” ಎಂದೆ ನಾನು ಉತ್ಸಾಹದಿಂದ. ಎಲ್ಲರೂ ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಎರಡು ದಿನದ ತೇವ, ಆಮೇಲೆ ಬಸ್ಸಿನ ಬಿಸಿಲು. ಬೆಲ್ಲ ಬೆವತು ಎಳ್ಳನ್ನೆಲ್ಲ ತನ್ನ ಜೊತೆ ಸೇರಿಸಿಕೊಂಡು, ಗುಳ್ಳೆಯೊಳಗೆ ಒಂದು ಚಿಕ್ಕಿಯಾಗಿ ಮೂಲೆ ಹಿಡಿದಿತ್ತು. ಕೊಬ್ಬರಿಯ ಎಣ್ಣೆ ಕಾಗದಕ್ಕೆ ಇಳಿದು, ನಾನು ಬರೆದ “ಒಳ್ಳೆಯ ಮಾತಾಡಿ” ಎನ್ನುವ ಅಕ್ಷರಗಳ ಮೇಲೆ ಜಿಡ್ಡಿನ ಕಲೆ ಹರಡಿತ್ತು.

ಪಕ್ಕದ ಮನೆಯ ಹೆಂಗಸು, ಸೇಲಂ ಕಡೆಯವರು, ಅವತ್ತೇ ಪೊಂಗಲ್ ಮಾಡಿಟ್ಟು ಬಂದವರು, ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಸುತ್ತಲೂ ಪರೀಕ್ಷಿಸಿದರು.

“ಇದು ಎಲ್ಲಿ ಓಪನ್ ಮಾಡೋದಮ್ಮಾ? ಎಳ್ಳು ಕೊಟ್ಟು ಬೀಗ ಹಾಕಿದೀರಲ್ಲ!”

ಜಗುಲಿ ಪೂರಾ ನಕ್ಕಿತು. ಒಬ್ಬ ಪೋರಿ ಕಾರ್ಡಿನ ಮೂಲೆಗೆ ಬಾಯಿ ಹಾಕಿದಳು. ಭಾವನಾಗಲಿರುವವರ ಅಜ್ಜ, ಕಾರ್ಖಾನೆಯಿಂದ ನಿವೃತ್ತರಾದವರು, ಒಳಗಿನಿಂದ ಸ್ಕ್ರೂಡ್ರೈವರ್ ತರಿಸಿಕೊಂಡು ಒಂದನ್ನು ಮೊಣಕಾಲ ಮೇಲಿಟ್ಟು ಮೀಟತೊಡಗಿದರು. “ವೆಲ್ಡಿಂಗ್ ಚೆನ್ನಾಗಿದೆ,” ಎಂದರು ಮೆಚ್ಚಿ.

ಎಳ್ಳು ಕೊಟ್ಟರೆ ಎದುರಿಗೇ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಬೇಕು. ತಿನ್ನದೆ ಇಟ್ಟುಕೊಂಡರೆ ಕೊಟ್ಟವರ ಮೇಲೆ ಮುನಿಸು ಎಂದೇ ಅರ್ಥ. ಎಲ್ಲರಿಗೂ ತಿನ್ನುವ ಮನಸ್ಸಿದೆ, ತಿನ್ನುವ ದಾರಿಯಿಲ್ಲ. ನಗು ಕಡಿಮೆಯಾಗುತ್ತ ಬಂತು.

“ಮಾಡಿದವಳೇ ತೆಗೆದು ತೋರಿಸ್ಲಿ,” ಎಂದರು ಅತ್ತೆ. ಮಿಷನ್ನಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಅಕ್ಕನ ಕೈಗೆ ಕೊಟ್ಟರು.

“ನಾನ್ ತೆಗೀತೀನಿ,” ಎಂದು ನಾನು ಎದ್ದೆ.

“ನೀನ್ ಕೂತ್ಕೋ ಮರಿ. ಅವಳ ಕೈ ನೋಡೋಕೆ ಅಲ್ವಾ ಇವ್ರೆಲ್ಲ ಬಂದಿರೋದು.”

ಅಕ್ಕ ಕತ್ತರಿಯನ್ನು ಸೀಮೆಸುಣ್ಣದ ಹಾಗೆ ಹಿಡಿದಳು. ಅತ್ತೆಯ ಹುಬ್ಬು ಮೇಲೆ ಹೋದದ್ದನ್ನು ನಾನು ನೋಡಿದೆ. ಗುಳ್ಳೆಯ ಬುಡಕ್ಕೆ ಕತ್ತರಿಯ ತುದಿ ಇಟ್ಟು ಅವಳು ಒತ್ತಿದಳು. ಅದು ಜಾರಿತು. ಮತ್ತೊಮ್ಮೆ, ಈ ಸಲ ಎರಡೂ ಕೈಯಿಂದ. ಟಪ್ ಎಂದು ಗುಳ್ಳೆ ಒಡೆಯಿತು. ಎಳ್ಳಿನ ಗಟ್ಟಿ ಎಗರಿ ಅಜ್ಜನ ಕನ್ನಡಕಕ್ಕೆ ಬಡಿಯಿತು, ಉಳಿದ ಪುಡಿ ಅಕ್ಕನ ತಲೆಯ ಮೇಲೆ ಅಕ್ಷತೆಯ ಹಾಗೆ ಬಿತ್ತು, ಕಾರ್ಡು ಎರಡಾಯಿತು. ಒಂದು ತುಂಡು ಹೆಚ್ಚುಕಡಿಮೆ ಲಂಕೆಯೇ.

ಯಾರೂ ನಗಲಿಲ್ಲ. ಅಕ್ಕ ತುಂಡುಗಳನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ, “ಒಂದ್ನಿಮಿಷ ಒಳಗೆ ಬರ್ತೀರಾ ಅತ್ತೆ?” ಎಂದಳು.

ನಾನೂ ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿದ್ದವು. ಅತ್ತೆ ಬಾಗಿಲನ್ನು ಅರ್ಧ ಮುಚ್ಚಿದರು.

“ಮಾಡಿದ್ದು ಇವಳು,” ಅಕ್ಕ ನನ್ನ ಕಡೆ ಬೆರಳು ಮಾಡಿದಳು, ಕ್ಲಾಸಿನಲ್ಲಿ ಗಲಾಟೆ ಮಾಡಿದವನನ್ನು ತೋರಿಸುವ ಹಾಗೆ. “ಆ ಕೆಂಪು ದಾರದ್ದೂ ಇವಳದ್ದೇ. ನಂಗೆ ಕೈಕೆಲಸ ಏನೂ ಬರಲ್ಲ. ಗುಂಡಿ ಹಾಕೋಕೂ ಬರಲ್ಲ. ನೀವು ಅಷ್ಟು ಖುಷಿಯಿಂದ ಕೇಳಿದ್ರಲ್ಲ, ಅಮ್ಮಂಗೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅಮ್ಮಂಗೆ ಏನೂ ಅನ್ಬೇಡಿ. ನಿಮ್ಗೆ ಬೇರೆ ಥರ ಸೊಸೆ ಬೇಕಿದ್ರೆ ಈಗ್ಲೇ ಹೇಳಿ ಅತ್ತೆ. ಹತ್ತು ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ.”

ಅತ್ತೆ ಅಕ್ಕನ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕಿಟ್ಟರು. ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಅಲ್ಲಿಯವರೆಗೆ ಇದೆಲ್ಲ ಗುಳ್ಳೆ ಮತ್ತು ಅಂಟಿನ ವಿಷಯವಾಗಿತ್ತು.

“ಬೇಜಾರಾಯ್ತು,” ಎಂದರು ಅವರು. “ಆಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಕಾರ್ಡಿಗಲ್ಲ. ಇದನ್ನ ನಂಗೆ ಹೇಳೋಕೆ ಹತ್ತು ದಿನ ಬೇಕಾಯ್ತಾ? ನನ್ ನಂಬರ್ ಇರ್ಲಿಲ್ವಾ ನಿನ್ ಹತ್ರ?”

“ನಿಮ್ ಕ್ಲಾಸಿನ ಹುಡುಗೀರಿಗೆಲ್ಲ ಹೇಳಿದೀರಿ ಅಂದ್ರಲ್ಲ...”

“ಹೊಲಿಗೆ ಗೊತ್ತಿದ್ರೆ ಆ ಹುಡುಗೀರು ನನ್ ಹತ್ರ ಯಾಕ್ ಬರ್ತಿದ್ರು? ನನ್ ಮಗನಿಗೂ ಗುಂಡಿ ಹಾಕೋಕೆ ಬರಲ್ಲ. ಅವನನ್ನ ಹೊರಗೆ ಹಾಕಿದೀನಾ?” ಅವರು ಕೈ ಚಾಚಿ ಅಕ್ಕನ ಕೂದಲಿನಿಂದ ಒಂದೊಂದೇ ಎಳ್ಳು ತೆಗೆಯತೊಡಗಿದರು. “ಮೊದ್ಲು ಊಟ ಮಾಡು. ಆಮೇಲೆ ಇನ್ನೊಂದು ಮಾತು. ಮೂವತ್ತು ಮನೆಗೆ ಹೋಗಿ ನನ್ ಸೊಸೆ ಕೈ ಹಾಗೆ, ಹೀಗೆ ಅಂತ ಹೇಳ್ಕೊಂಡು ಬಂದಿದೀನಿ. ಈಗ ವಾಪಸ್ ತಗೊಳ್ಳೋಕೆ ನನ್ ಕೈಲಿ ಆಗಲ್ಲ. ಹಾಗಾಗಿ ಹೊರಗೆ ನೀನೇ ಮಾಡಿದ್ದು. ಒಳಗೆ ಇವಳು.” ಆಮೇಲೆ ನನ್ನ ಕಡೆ ತಿರುಗಿದರು. “ತಿನ್ನೋ ಸಾಮಾನಿಗೆ ಅಂಟು ಹಾಕ್ತಾರೇನೇ? ಯಾರ್ ಹೇಳ್ಕೊಟ್ರು ನಿಂಗೆ?”

“ಯಾರೂ ಇಲ್ಲ ಅತ್ತೆ. ಸ್ವಂತ ಬುದ್ಧಿ.”

“ಗೊತ್ತಾಗುತ್ತೆ.”

ಅವರ ಮನೆಯಲ್ಲೇ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಎಳ್ಳುಬೆಲ್ಲ ಇತ್ತು. ಅಕ್ಕ ಅದನ್ನು ಒಮ್ಮೆ ನೋಡಿ, ಒಂದು ಲೋಟ ಎತ್ತಿಕೊಂಡು, ಒಬ್ಬರಿಗೆ ಕಾಲು ಲೋಟದ ಹಾಗೆ ಹಾಕಿದರೆ ಎಲ್ಲರಿಗೂ ಬಂದು ಮಕ್ಕಳಿಗೆ ಇನ್ನೊಂದು ಸಲಕ್ಕೆ ಉಳಿಯುತ್ತದೆ ಎಂದಳು. ಹಾಗೇ ಉಳಿಯಿತು. ಜಗುಲಿಗೆ ಹೋಗಿ ಅತ್ತೆ ಘೋಷಿಸಿದರು, “ಕಾರ್ಡು ನೋಡೋಕೆ, ಎಳ್ಳು ತಿನ್ನೋಕೆ. ಈಗಿನ ಫ್ಯಾಷನ್ನು.” ಸೇಲಂ ಕಡೆಯ ಹೆಂಗಸು ದವಡೆ ಒತ್ತಿಕೊಂಡು, “ಮೊದ್ಲೇ ಹೇಳ್ಬಾರ್ದಾಮ್ಮಾ, ನಾನು ಹಲ್ಲು ಹಾಕ್ಬಿಟ್ಟೆ,” ಎಂದರು. ಮುನ್ನೂರು ಜಿಎಸ್ಎಂ ಕಾಗದ ಒಳ್ಳೆಯ ಗಟ್ಟಿ. ಎಲ್ಲರೂ ಕಾರ್ಡಿನ ಗುಳ್ಳೆಯಿಲ್ಲದ ಅರ್ಧವನ್ನು ಮಡಿಸಿ ದೊನ್ನೆ ಮಾಡಿಕೊಂಡು ಅದರಲ್ಲೇ ಎಳ್ಳು ಹಾಕಿಸಿಕೊಂಡರು. ಅಕ್ಕ ಮಧ್ಯಾಹ್ನ ಮೂರು ಸಲ ಪೊಂಗಲ್ ಹಾಕಿಸಿಕೊಂಡಳು, ಪಕ್ಕದ ಮನೆಯದ್ದೂ ಸೇರಿ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬಸ್ಸು ಹತ್ತಿಸಲು ಬಂದ ಅತ್ತೆ, “ನಿಮ್ಮಮ್ಮಂಗೆ ಏನೂ ಹೇಳ್ಬೇಡಿ. ನನಗೇನೂ ಗೊತ್ತಿಲ್ಲ ಅಂತ್ಲೇ ಇರ್ಲಿ,” ಎಂದರು. ನಾವು ಅದನ್ನು ದೊಡ್ಡತನ ಅಂದುಕೊಂಡೆವು. ಅದು ಬೇರೆಯೇ ಆಟ ಎಂದು ಶನಿವಾರ ಫೋನು ಬಂದಾಗ ಗೊತ್ತಾಯಿತು.

“ದೊಡ್ಡವಳು ಈಗ ಏನ್ ಮಾಡ್ತಿದಾಳೆ? ಹೊಸದೇನಾದ್ರೂ?” ಎಂದರು ಅತ್ತೆ. ದನಿಯಲ್ಲಿ ಜೇನು.

ಅಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. “ಏನೋ ಹೂವಿಂದು ಮಾಡ್ತಿದಾಳಪ್ಪ, ಕೂತಲ್ಲಿಂದ ಏಳಲ್ಲ,” ಎಂದಳು ಅಮ್ಮ.

“ಹೂವಾ! ಯಾವ ಹೂವು?”

“ಅದೇ... ಸಿಂಗಾರ. ಅಡಿಕೆ ಸಿಂಗಾರ. ಒತ್ತಿ ಒಣಗಿಸಿ ಕಾರ್ಡಿಗೆ ಅಂಟಿಸ್ತಾಳೆ. ಹಾಗೇ ಬೆಳ್ಳಗೆ ಇರುತ್ತೆ, ಒಂದು ಎಳೆ ಉದುರಲ್ಲ.”

ಆ ಕಡೆಯಿಂದ ಒಂದು ಸಣ್ಣ ಕೆಮ್ಮು ಬಂತು. ಅತ್ತೆ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನಮಗಿಬ್ಬರಿಗೂ ಕಂಡ ಹಾಗಾಯಿತು. ಅಕ್ಕ ಉತ್ತರಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡಳು. “ಅಯ್ಯೋ, ಹಾಗಾದ್ರೆ ಮದುವೆ ಕರೆಯೋಲೆ ಜೊತೆ ಹತ್ತಿರದವರಿಗೆಲ್ಲ ಅದನ್ನೇ ಕೊಡೋಣ,” ಎಂದರು ಅತ್ತೆ. ಅಮ್ಮ “ಅದಕ್ಕೇನಂತೆ” ಎಂದಳು. ಫೋನು ಇಟ್ಟು, ನನ್ನ ಕಡೆ ತಿರುಗಿ, “ಆಗುತ್ತೆ ತಾನೇ?” ಎಂದಳು.

ಆಗುವುದಿಲ್ಲ. ಅಂದಿನಿಂದ ಪ್ರಯತ್ನಿಸುತ್ತಿದ್ದೇನೆ. ಪುಸ್ತಕದ ನಡುವೆ ಒತ್ತಿದ ಸಿಂಗಾರ ನಾಲ್ಕನೆಯ ದಿನಕ್ಕೆ ಕಂದಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಅಲ್ಲೇ ಕಂದು. ಉಪ್ಪಿನಲ್ಲಿ ಹೂತಿಟ್ಟದ್ದು ಬೆಳ್ಳಗೇ ಉಳಿಯಿತು, ಮುಟ್ಟಿದರೆ ಕಾಳು ಕಾಳಾಗಿ ಉದುರಿತು. ಸವಳಂಗ ರಸ್ತೆಯ ಅಂಗಡಿಯವನು ಹೂ ಒಣಗಿಸುವ ಮರಳಿನಂಥದ್ದೊಂದು ಇದೆ, ಒಂದೇ ಪೀಸು ಉಳಿದಿದೆ ಎಂದ. ಮೂರು ಕೊಂಡೆ. ಅದರಲ್ಲೂ ಕಂದೇ.

ಅಡಿಕೆಯ ಸಿಂಗಾರವನ್ನು ಬಿಳಿ ಬಣ್ಣ ಕೆಡದ ಹಾಗೆ ಕಾಗದದ ಮೇಲೆ ನಿಲ್ಲಿಸುವುದು ಹೇಗೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಎಷ್ಟು ದಿನ ಒತ್ತಬೇಕು, ಯಾವ ಅಂಟು, ನೆರಳೋ ಬಿಸಿಲೋ, ಎಲ್ಲವನ್ನೂ ಬಿಡದೆ ಬರೆಯಿರಿ. ಶನಿವಾರ ಸಂಜೆ ಐದಕ್ಕೆ ಮೊದಲು ತಲುಪಿದರೆ ಒಳ್ಳೆಯದು, ಅಮ್ಮ ಮುಂದಿನ ಹೂವಿನ ಹೆಸರು ಹೇಳುವುದರೊಳಗೆ.